ದುಡಿದವರ ಮುಪ್ಪು ಮತ್ತು ನಮ್ಮ ಊರುಗಳು

(ನಂಜನಗೂಡಿನಲ್ಲಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ಯಾತ್ರಾಸ್ಥಳಗಳು. ನಮ್ಮೂರನ್ನು ಹಾದು ಹೋಗುವ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ. 2025ರ ಫೆಬ್ರವರಿಯಲ್ಲೂ ಮೂರು ದಿನ ನಡೆಯಿತು. ಮೇಳವೆಂದರೆ ಸರ್ಕಾರ ಮೈಕೊಡವಿ ಏಳುತ್ತದೆ. ನೀರು, ದೀಪ, ನೆರಳು, ವೈದ್ಯರು ಎಲ್ಲವೂ ಒದಗುತ್ತವೆ. ಇಲ್ಲಿ ಶ್ರೀಕಂಠೇಶ್ವರನ ಪಂಚ ಮಹಾರಥೋತ್ಸವಕ್ಕೂ ಹಾಗೆಯೇ. ಅದು ಬೇಡವೆಂದು ನಾನು ಹೇಳುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ಬಂದುಹೋಗುವ ಭಕ್ತರಿಗೆ ಮೂರು ದಿನ ಸಾಧ್ಯವಾದದ್ದು, ಇಲ್ಲೇ ದುಡಿದು ಮುದುಕರಾದವರಿಗೆ ವರ್ಷವಿಡೀ ಏಕೆ ಸಾಧ್ಯವಿಲ್ಲ?

ವಯಸ್ಸಾದವರಿಗೆ ಊರೆಂದರೆ ದಾರಿ. ಮನೆಯಿಂದ ಪಡಿತರ ಅಂಗಡಿಗೆ, ಅಂಚೆ ಕಚೇರಿಗೆ, ಆಸ್ಪತ್ರೆಗೆ, ಬಸ್ ನಿಲ್ದಾಣಕ್ಕೆ ಹೋಗುವ ದಾರಿ. ಚರಂಡಿಯ ಒಂದು ಚಪ್ಪಡಿ ಕಿತ್ತುಹೋಗಿದ್ದರೆ ಹುಡುಗರು ಹಾರಿ ದಾಟುತ್ತಾರೆ. ಎಪ್ಪತ್ತರ ಅಜ್ಜಿ ಬೀಳುತ್ತಾಳೆ. ಸೊಂಟ ಮುರಿದರೆ ಹಾಸಿಗೆಯೇ ಗತಿ. ಅವಳನ್ನು ನೋಡಿಕೊಳ್ಳಲು ಮಗಳೋ ಸೊಸೆಯೋ ಕೆಲಸ ಬಿಡಬೇಕು. ಒಂದು ಚಪ್ಪಡಿಯ ಖರ್ಚು ಉಳಿಸಲು ಹೋಗಿ ಒಂದು ಮನೆಯ ಅನ್ನ ಕಸಿದಂತಾಗುತ್ತದೆ.

ಕಾಲುದಾರಿ ಕೇಳಿದೊಡನೆ ತಳ್ಳುಗಾಡಿಯವರನ್ನು ಎಬ್ಬಿಸಲು ಹೊರಡುವುದು ಅಧಿಕಾರಸ್ಥರಿಗೆ ಸುಲಭದ ಉಪಾಯ. ಬೀದಿ ವ್ಯಾಪಾರಕ್ಕೆ ಜಾಗ ಗುರುತಿಸಬೇಕೆಂದು 2014ರ ಕಾಯಿದೆಯೇ ಹೇಳುತ್ತದೆ. ಗಾಡಿಗೆ ಜಾಗ ಬೇಕು, ಮುದುಕರಿಗೆ ದಾರಿಯೂ ಬೇಕು. ಬಡವರ ಮೇಲೆ ಬಡವರನ್ನು ಎತ್ತಿಕಟ್ಟುವ ಆಟಕ್ಕೆ ನಾವು ಸಿಕ್ಕಬಾರದು.

ದಾರಿಯೊಂದೇ ಸಾಲದು, ಕೈಯಲ್ಲಿ ನಾಲ್ಕು ಕಾಸೂ ಬೇಕು. ಕಾರ್ಮಿಕರ 1995ರ ಪಿಂಚಣಿ ಯೋಜನೆಗೆ ಕೇಂದ್ರ ಸರ್ಕಾರ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಸಣ್ಣ ವ್ಯಾಪಾರಿಗಳಿಗೆಂದು 2019ರಲ್ಲಿ ತಂದ ಯೋಜನೆಯ ಬಾಗಿಲು 40 ವರ್ಷ ದಾಟಿದವರಿಗೆ ಮುಚ್ಚಿತ್ತು. ಆಗಲೇ ಐವತ್ತಾಗಿದ್ದ ಅಂಗಡಿಕಾರ ಎಲ್ಲಿಗೆ ಹೋಗಬೇಕಿತ್ತು?

ನಾವು ಬೇಡುತ್ತಿರುವುದು ದಾನವನ್ನಲ್ಲ. ಮುಪ್ಪಿನಲ್ಲಿ ನೆರವು ನೀಡುವ ಹೊಣೆಯನ್ನು ಸಂವಿಧಾನದ 41ನೆಯ ವಿಧಿ ಪ್ರಭುತ್ವಕ್ಕೆ ವಹಿಸಿದೆ. ತಂದೆತಾಯಿಯರನ್ನು ಮಕ್ಕಳು ಸಾಕಬೇಕೆನ್ನುವ 2007ರ ಕಾಯಿದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕೆಂದೂ, ಪ್ರತಿ ಜಿಲ್ಲೆಯಲ್ಲಿ ಗತಿಯಿಲ್ಲದ ಕನಿಷ್ಠ 150 ಮಂದಿಗೆ ವೃದ್ಧಾಶ್ರಮ ಬೇಕೆಂದೂ ಹೇಳಿದೆ. ಮಕ್ಕಳ ಕರ್ತವ್ಯವನ್ನು ಸರ್ಕಾರ ನೆನಪಿಸುತ್ತದೆ. ಸರ್ಕಾರದ ಕರ್ತವ್ಯವನ್ನು ನಾವು ನೆನಪಿಸಬೇಕು.

ಆದ್ದರಿಂದ ಪ್ರತಿ ವಾರ್ಡಿನಲ್ಲೂ ನಾಲ್ಕು ಜನ ಸೇರಿ ನಡೆದು ನೋಡಿ. ಎಲ್ಲಿ ಚಪ್ಪಡಿ ಇಲ್ಲ, ಎಲ್ಲಿ ದೀಪವಿಲ್ಲ, ಎಲ್ಲಿ ಕೂರಲು ಕಲ್ಲುಬೆಂಚಿಲ್ಲ, ಎಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ, ಸ್ನಾನಘಟ್ಟದಲ್ಲಿ ಎಲ್ಲಿ ಹಿಡಿದಿಳಿಯಲು ಕಂಬಿಯಿಲ್ಲ ಎಂದು ಪಟ್ಟಿ ಮಾಡಿ. ಬಜೆಟ್ಟಿಗೆ ಮುಂಚೆ ಇಲ್ಲಿ ನಗರಸಭೆಗೆ, ನರಸೀಪುರದಲ್ಲಿ ಪುರಸಭೆಗೆ ಒಪ್ಪಿಸಿ, ಉತ್ತರ ಬರುವತನಕ ಬೆನ್ನುಬಿಡಬೇಡಿ. ಇಂದು ಯಂತ್ರದ ಮುಂದೆ, ತಕ್ಕಡಿಯ ಹಿಂದೆ ನಿಂತಿರುವ ನಮಗೂ ನಾಳೆ ಅದೇ ದಾರಿ.