ಗಂಡಸುತನವೂ ಕುಟುಂಬ ಕಲ್ಯಾಣವೂ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮೀಣ ದಂಪತಿಗಳನ್ನುದ್ದೇಶಿಸಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕೆಲವು ಕಾಲದ ಹಿಂದೆ ಪಾವಗಡದ ಕಡೆಯ ದಂಪತಿಗಳು ನನ್ನ ಬಳಿಗೆ ಬಂದಿದ್ದರು. ಆಕೆಯ ಎರಡು ಹೆರಿಗೆಗಳೂ ಸಿಸೇರಿಯನ್ ಆಗಿದ್ದವು. 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 7 ಗ್ರಾಂ ಮಾತ್ರವಿತ್ತು. ಎರಡು ಮಕ್ಕಳೇ ಸಾಕೆಂದು ಇಬ್ಬರೂ ನಿಶ್ಚಯಿಸಿದ್ದರು. "ಆಪರೇಷನ್ ನೀವೇ ಮಾಡಿಸಿಕೊಳ್ಳಬಹುದಲ್ಲ" ಎಂದು ಗಂಡನಿಗೆ ಹೇಳಿದೆ. ಆತ ತಲೆ ತಗ್ಗಿಸಿ, "ಮಾಡಿಸಿಕೊಂಡರೆ ಊರಲ್ಲಿ ನನ್ನ ಗಂಡಸು ಅಂತಾರಾ ಸಾರ್?" ಎಂದು ಕೇಳಿದನು. ಹೊರಗೆ ರೋಗಿಗಳ ಸಾಲು ಬೆಳೆದಿತ್ತು. ನಾನು ಸರಿಯಾದ ಉತ್ತರ ಕೊಡಲಿಲ್ಲ. ತಿಂಗಳುಗಟ್ಟಲೆ ಕಬ್ಬಿಣಾಂಶದ ಮಾತ್ರೆ ನುಂಗಿ, ರಕ್ತ ಹೆಚ್ಚಿಸಿಕೊಂಡು, ಆಕೆಯೇ ಮೂರನೆಯ ಬಾರಿ ಹೊಟ್ಟೆ ಕೊಯ್ಯಿಸಿಕೊಂಡಳು. ಅಂದು ಕೊಡದೆ ಉಳಿದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಈ ಅಂಜಿಕೆಯ ಒಂದು ಬೇರು ನಮ್ಮ ಕೊಟ್ಟಿಗೆಯಲ್ಲಿಯೇ ಇದೆ. ಹೋರಿಯ ಬೀಜ ಒಡೆಸಿ ಎತ್ತು ಮಾಡುವುದನ್ನು ರೈತರೆಲ್ಲರೂ ಬಲ್ಲರು. ಅಲ್ಲಿ ಇಕ್ಕಳದಿಂದ ಅಮುಕಿದಾಗ ವೃಷಣಕ್ಕೆ ರಕ್ತ ಒಯ್ಯುವ ನಾಳಗಳು ಜಜ್ಜಿಹೋಗಿ ವೃಷಣವೇ ಒಣಗುತ್ತದೆ. ಪುರುಷರ ಶಸ್ತ್ರಚಿಕಿತ್ಸೆಯಲ್ಲಿ ವೃಷಣವನ್ನು ಮುಟ್ಟುವುದೇ ಇಲ್ಲ. ವೃಷಣಕ್ಕೆ ಎರಡು ಕೆಲಸಗಳಿವೆ. ಒಂದು, ವೀರ್ಯಾಣುಗಳನ್ನು ತಯಾರಿಸಿ ವೀರ್ಯನಾಳದ ಮೂಲಕ ಕಳುಹಿಸುವುದು. ಇನ್ನೊಂದು, ಗಡ್ಡ, ಮೀಸೆ, ದನಿ, ಕಾಮಾಸಕ್ತಿಗಳಿಗೆ ಕಾರಣವಾದ ರಸವನ್ನು ನೇರವಾಗಿ ರಕ್ತಕ್ಕೆ ಸೇರಿಸುವುದು. ವೈದ್ಯರು ವೀರ್ಯನಾಳವನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ಮೊದಲನೆಯ ಕೆಲಸದ ದಾರಿಯಷ್ಟೇ ಮುಚ್ಚುತ್ತದೆ. ಎರಡನೆಯದು ಮೊದಲಿನಂತೆಯೇ ಸಾಗುತ್ತದೆ. ವೀರ್ಯದ ಬಹುಭಾಗ ಬೇರೆ ಗ್ರಂಥಿಗಳಿಂದ ಬರುವುದರಿಂದ ಅದರಲ್ಲಿಯೂ ವ್ಯತ್ಯಾಸ ಕಾಣುವುದಿಲ್ಲ. ಆದುದರಿಂದ ಗಂಡಸುತನಕ್ಕೆ ಯಾವ ಕುಂದೂ ಇಲ್ಲ.

ಈಗಿನ ವಿಧಾನದಲ್ಲಿ ಕತ್ತಿಯ ಗಾಯವೂ ಹೊಲಿಗೆಯೂ ಬೇಕಿಲ್ಲ. ಆ ಜಾಗಕ್ಕೆ ಮಾತ್ರ ಮರವಳಿಕೆ ಕೊಟ್ಟು, ಸಣ್ಣ ರಂಧ್ರದ ಮೂಲಕ ಸುಮಾರು ಕಾಲು ಗಂಟೆಯಲ್ಲಿ ಮುಗಿಸುತ್ತಾರೆ. ಅದೇ ದಿನ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ ಬೇಕು. ಒಂದು ವಾರ ನೇಗಿಲು, ಮೂಟೆ, ಸೈಕಲ್ ಬೇಡ. ಊತ, ಜ್ವರ, ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಬನ್ನಿ. ನಾಳದಲ್ಲಿ ಉಳಿದಿರುವ ವೀರ್ಯಾಣುಗಳು ಹೊರಹೋಗುವವರೆಗೆ, ಅಂದರೆ ಮೂರು ತಿಂಗಳು, ನಿರೋಧ್ ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಬೇಕು. ಅಪರೂಪಕ್ಕೆ ಇದು ವಿಫಲವಾಗುವುದೂ ಉಂಟು. ಇದು ಶಾಶ್ವತ ವಿಧಾನ. ಮುಂದೆ ಮಕ್ಕಳು ಬೇಕೆನ್ನುವ ಸಂದೇಹವಿದ್ದವರು ಮಾಡಿಸಿಕೊಳ್ಳಬಾರದು.

ಅಂಜಿಕೆಗೆ ಇನ್ನೊಂದು ಕಾರಣವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದ 60 ಲಕ್ಷಕ್ಕೂ ಹೆಚ್ಚು ಪುರುಷರಿಗೆ ಈ ಶಸ್ತ್ರಚಿಕಿತ್ಸೆಯಾಯಿತು. ಬಹು ಮಂದಿಯ ಮೇಲೆ ಬಲವಂತ ನಡೆಯಿತು. ಅದು ತಪ್ಪು. ಅಂದಿನ ಭೀತಿ ಉಳಿದು, ಹೊರೆಯೆಲ್ಲವೂ ಹೆಂಗಸರ ಮೇಲೆ ಬಿದ್ದಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ನೂರು ದಂಪತಿಗಳಲ್ಲಿ ಸುಮಾರು 38 ಕಡೆ ಹೆಂಡತಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾಳೆ. ಗಂಡ ಮಾಡಿಸಿಕೊಂಡಿರುವುದು ಸಾವಿರ ದಂಪತಿಗಳಲ್ಲಿ ಮೂರು ಕಡೆ ಮಾತ್ರ. ಹೆಂಗಸಿಗೆ ಹೊಟ್ಟೆಯನ್ನು ತೆರೆಯಬೇಕು. ಗಂಡಸಿಗೆ ಅದಕ್ಕಿಂತ ಸುಲಭವೂ ಹೆಚ್ಚು ಸುರಕ್ಷಿತವೂ ಆದ ದಾರಿಯಿದೆ.

ಇತ್ತೀಚಿನ ವರ್ಷಗಳಲ್ಲಿ ಪುರುಷರ ಹಕ್ಕುಗಳ ವಿಷಯವಾಗಿ ಬಿರುಸಾದ ವಾದವಿವಾದ ನಡೆದಿದೆ. ಮೊಬೈಲಿನಲ್ಲಿ ನೀವೂ ಕೇಳಿರಬಹುದು. ಕಾನೂನುಗಳಿಂದ ಗಂಡಸರಿಗೆ ಅನ್ಯಾಯವಾಗುತ್ತಿದೆ ಎನ್ನುವವರಿದ್ದಾರೆ. ಹೆಂಗಸರ ಮೇಲಣ ಹಿಂಸೆ ಇನ್ನೂ ನಿಂತಿಲ್ಲವೆನ್ನುವವರೂ ಇದ್ದಾರೆ. ಆ ವ್ಯಾಜ್ಯಗಳ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಗಂಡಸರಿಗೂ ನೋವಿದೆಯೆಂಬುದನ್ನು ವೈದ್ಯನಾಗಿ ನಾನು ಬಲ್ಲೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಹತ್ತು ಮಂದಿಯಲ್ಲಿ ಏಳು ಮಂದಿ ಗಂಡಸರು. ಸಾಲ, ಬರ, ಮನಸ್ತಾಪಗಳನ್ನು ಒಳಗೇ ನುಂಗುವುದು ಗಂಡಸುತನವೆಂದು ಬಗೆಯಬೇಡಿ. ಮನಸ್ಸು ಕುಗ್ಗಿದಾಗ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಸಲಹೆ ದೊರೆಯುತ್ತದೆ.

ಗಂಡಸಿಗೆ ನಿಜವಾದ ಹಕ್ಕುಗಳುಂಟು: ತನ್ನ ದೇಹದ ವಿಷಯವಾಗಿ ಸತ್ಯವನ್ನು ತಿಳಿಯುವುದು, ಬಲವಂತವಿಲ್ಲದೆ ತಾನೇ ಒಪ್ಪುವುದು, ಬೇಡವೆನಿಸಿದರೆ ಬೇಡವೆನ್ನುವುದು. ಇವೇ ಹಕ್ಕುಗಳು ಆತನ ಹೆಂಡತಿಗೂ ಉಂಟು. ತಾನು ಬೇಡವೆಂದ ಮಾತ್ರಕ್ಕೆ ಆಕೆ ಮಾಡಿಸಿಕೊಳ್ಳಲೇಬೇಕೆಂಬುದು ಯಾವ ಹಕ್ಕಿನಲ್ಲಿಯೂ ಸೇರಿಲ್ಲ. ಇಬ್ಬರಿಗೂ ಶಸ್ತ್ರಚಿಕಿತ್ಸೆ ಬೇಡವಾದರೆ ನಿರೋಧ್, ವಂಕಿ, ಮಾತ್ರೆ, ಚುಚ್ಚುಮದ್ದುಗಳಿವೆ.

1930ರಲ್ಲಿಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ಕೀರ್ತಿ ಮೈಸೂರು ಸರ್ಕಾರದ್ದು. ಈ ನಾಲ್ಕು ತಾಲ್ಲೂಕುಗಳೂ ಆ ಸಂಸ್ಥಾನಕ್ಕೆ ಸೇರಿದ್ದವು. ಅಂಥ ನಾಡಿನವರಾದ ತಾವು ಊರವರ ನಗೆಗೆ ಅಂಜಬೇಕಾಗಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಗಂಡಹೆಂಡಿರು ಕುಳಿತು ಮಾತನಾಡಿರಿ. ಮೊದಲು ಹೆಂಡತಿಯ ಮಾತನ್ನು ಕೇಳಿರಿ. ಸಂದೇಹ ಉಳಿದರೆ ಇಬ್ಬರೂ ಕೂಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಸಾಲು ಎಷ್ಟೇ ಉದ್ದವಿರಲಿ, ಈ ಬಾರಿ ಉತ್ತರ ಹೇಳದೆ ಕಳುಹಿಸುವುದಿಲ್ಲ.