ವಿವೇಶಸ್ ಎಂದರೆ ಜಿಂದಾದಿಲ್



ಇಂದು ಒಂದೇ ಒಂದು ಇಂಗ್ಲಿಷ್ ಗುಣವಾಚಕದ ಬಗ್ಗೆ ಮಾತನಾಡುತ್ತೇನೆ. ಆ ಪದ ‘ವಿವೇಶಸ್’. ಉಚ್ಚರಿಸುವಾಗ ಒತ್ತು ನಡುವಿನ ‘ವೇ’ ಮೇಲೆ ಬೀಳಬೇಕು. ಲವಲವಿಕೆಯುಳ್ಳ, ಉತ್ಸಾಹ ತುಂಬಿದ ಎಂದು ಅರ್ಥ.

ನಾನು ಶಿಕ್ಷಕನಾದ ಹೊಸದರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳ ಪ್ರಗತಿ ಪತ್ರದಲ್ಲಿ ಈ ಪದ ಬರೆದೆ. ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಕೈ ಎತ್ತುವ, ನಗುನಗುತ್ತಾ ಮಾತನಾಡುವ ಹುಡುಗಿ. ಮೆಚ್ಚಿಕೊಂಡೇ ಬರೆದಿದ್ದೆ. ಮನೆಯವರು ನಿಘಂಟು ತೆರೆದರು. ಅಲ್ಲಿ ‘ಶೋಖ್’ ಎಂದಿತ್ತು. ಉರ್ದುವಿನಲ್ಲಿ ಶೋಖ್ ಎಂದರೆ ಚೂಟಿ ಎಂದೂ ಆಗುತ್ತದೆ, ಉದ್ಧಟ ಎಂದೂ ಆಗುತ್ತದೆ. ಅವರು ಎರಡನೆಯದನ್ನು ಹಿಡಿದರು. ಮರುದಿನದಿಂದ ಹುಡುಗಿ ಕೈ ಎತ್ತುವುದನ್ನೇ ಬಿಟ್ಟಳು.

ವಾರದ ನಂತರ ತಾಯಿ ಶಾಲೆಗೆ ಬಂದರು. “ಮಾಸ್ಟರ್ ಸಾಬ್, ನಮ್ಮ ಹುಡುಗಿ ಏನು ತಪ್ಪು ಮಾಡಿದಳು?” ಎಂದರು. “ತಪ್ಪು ಅವಳದಲ್ಲ ಆಪಾ, ನನ್ನದು. ಅರ್ಥ ಬಿಡಿಸಿ ಹೇಳಬೇಕಿತ್ತು. ನಿಮ್ಮ ಮಗಳು ಜಿಂದಾದಿಲ್ ಎಂದು ಬರೆದಿದ್ದೇನೆ” ಎಂದೆ. ತಾಯಿಯ ಮುಖ ಅರಳಿತು. ಆದರೆ ಆ ಕೈ ಮತ್ತೆ ಮೇಲೇಳಲು ಒಂದು ತಿಂಗಳು ಬೇಕಾಯಿತು.

ಜಿಂದಾ, ದಿಲ್ ಎರಡೂ ಫಾರಸಿ ಪದಗಳು. ಜೀವಂತ ಹೃದಯ ಎಂದರ್ಥ. ವಿವೇಶಸ್ ಬಂದಿರುವುದು ಬದುಕು ಎಂಬರ್ಥದ ಲ್ಯಾಟಿನ್ ಧಾತುವಿನಿಂದ. ಸರ್ವೈವ್, ರಿವೈವ್ ಕೂಡ ಅದೇ ಮನೆಯವು. ಭಾಷಾಶಾಸ್ತ್ರದ ಪ್ರಕಾರ ಆ ಲ್ಯಾಟಿನ್ ಧಾತು, ಫಾರಸಿಯ ‘ಜಿಂದಾ’, ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಜೀವ’ ಮೂರಕ್ಕೂ ಮೂಲ ಒಂದೇ. ಹಾಗಾದರೆ ಇಂಗ್ಲಿಷ್‌ಗೆ ನಾವು ಹೆದರುವುದೇಕೆ?

ಇನ್ನು ಬಳಕೆ. ಈ ಪದವನ್ನು ವ್ಯಕ್ತಿಯ ಸ್ವಭಾವಕ್ಕೆ, ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಬಳಸುತ್ತಾರೆ. ‘ಶಿ ಈಸ್ ಎ ವಿವೇಶಸ್ ಗರ್ಲ್’ ಎಂದರೆ ‘ವೋ ಏಕ್ ಜಿಂದಾದಿಲ್ ಲಡ್ಕೀ ಹೈ’. ಸಂತೆಯ ಗದ್ದಲಕ್ಕೆ ಇದು ಹೊಂದದು. ಅಲ್ಲಿ ‘ಲೈವ್ಲಿ’ ಸಾಕು, ಉರ್ದುವಿನಲ್ಲಿ ರೌನಕ್ ಇದೆ ಎನ್ನುತ್ತೇವೆ. ಒಂದೆಡೆ ಕೂರದ ಪುಟ್ಟ ಮಗುವಿಗೆ ‘ಚುಲ್‌ಬುಲಾ’. ನಾಮಪದ ‘ವಿವ್ಯಾಸಿಟಿ’, ಅಂದರೆ ಜಿಂದಾದಿಲಿ.

ಮಕ್ಕಳೇ, ಹೊಸ ಪದ ಸಿಕ್ಕಾಗ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್, ಉರ್ದು, ಕನ್ನಡ ಎಂದು ಮೂರು ಕಾಲಂ ಹಾಕಿ. ಅದರ ಕೆಳಗೆ ನಿಮ್ಮದೇ ಒಂದು ವಾಕ್ಯ ಬರೆಯಿರಿ. ಬರೀ ಅರ್ಥ ಬಾಯಿಪಾಠ ಮಾಡಿದರೆ ಏನಾಗುತ್ತದೆಂದು ಈಗ ಕೇಳಿದಿರಿ. ಪೋಷಕರಲ್ಲಿ ಒಂದು ವಿನಂತಿ: ಮನೆಯಲ್ಲಿ ಲವಲವಿಕೆಯ ಮಗುವಿದ್ದರೆ ಅದನ್ನು ಉದ್ಧಟತನವೆಂದು ಓದಬೇಡಿ.