ಸಂತೆ, ಜಾತ್ರೆಗಳಲ್ಲಿ ಸ್ಪರ್ಶರಹಿತ ಪಾವತಿ: ವಹಿಸಬೇಕಾದ ಎಚ್ಚರ

ಮಾನ್ಯ ಸದಸ್ಯರೇ,

ನಾಲ್ಕು ಬಾಗಿದ ಗೆರೆಗಳ ಗುರುತುಳ್ಳ ಕಾರ್ಡನ್ನು ಯಂತ್ರದ ಸಮೀಪ ಹಿಡಿದರೆ ಸಾಕು, 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹಣ ಪಾವತಿಯಾಗುತ್ತದೆ. 2021ರ ಜನವರಿ 1ಕ್ಕೆ ಮೊದಲು ಈ ಮಿತಿ 2,000 ಇತ್ತು. ಜಾತ್ರೆಯ ನೂಕುನುಗ್ಗಲಿನಲ್ಲಿ ಜೇಬಿಗೆ ಯಂತ್ರ ತಾಗಿಸಿ ಹಣ ಸೆಳೆಯುತ್ತಾರೆಂದು ಜನ ಅಂಜುತ್ತಾರೆ. ಅದಕ್ಕಿಂತ ಹೆಚ್ಚು ಅಂಜಬೇಕಾದುದು ಕಾರ್ಡು ಕಳೆದಾಗ. ಸಿಕ್ಕವನಿಗೆ ಪಿನ್ನಿನ ಹಂಗೇ ಇಲ್ಲ! ಅಂಗಡಿಯಲ್ಲಿ ಕಾರ್ಡನ್ನು ಪರರ ಕೈಗೆ ಕೊಡದೆ, ಪರದೆಯ ಮೇಲಿನ ಮೊತ್ತ ಓದಿಯೇ ತಾಗಿಸಬೇಕು. ಈ ಸೌಲಭ್ಯ ಬೇಡದವರು ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ನಿಲ್ಲಿಸಬಹುದು. ಹಿರಿಯ ಪಿಂಚಣಿದಾರರಿಗೆ ಅದೇ ಲೇಸೆಂಬುದು ನನ್ನ ಅಭಿಪ್ರಾಯ.

ಕಾರ್ಡು ಕಳೆದ ಕೂಡಲೇ ಬ್ಯಾಂಕಿಗೆ ತಿಳಿಸಿ ಸ್ಥಗಿತಗೊಳಿಸಬೇಕು. ತಿಳಿಸಿದ ನಂತರ ಆಗುವ ನಷ್ಟವನ್ನು ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕೇ ಭರಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮುಂದಿನ ಗ್ರಾಮಸಭೆಯಲ್ಲಿ ತಾವು ಇದನ್ನು ವಿವರಿಸಬೇಕೆಂದು ಕೋರುತ್ತೇನೆ.